ದಿನದ ಅಕ್ಕಿ, ದಿನದ ಅರಿವು

ಶರಣಧರ್ಮವು ಅರಿವಿಗೆ ಗುರುವಿನ ಪಟ್ಟವನ್ನು ಕೊಟ್ಟ ಧರ್ಮ. ಗುರುವು ಹೊರಗೆ ಕಾವಿ ತೊಟ್ಟು ಕುಳಿತ ವ್ಯಕ್ತಿ ಮಾತ್ರನಲ್ಲ, ತನ್ನೊಳಗೆ ಎಚ್ಚತ್ತ ತಿಳಿವೂ ಗುರುವೇ ಎಂಬುದು ಬಸವಾದಿ ಪ್ರಮಥರ ನಿಲುವು. ಆದ್ದರಿಂದಲೇ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹಗ್ಗ ಹೊಸೆಯುವವರು, ಕಟ್ಟಿಗೆ ಮಾರುವವರು, ದೋಣಿ ನಡೆಸುವವರು, ಪಾದರಕ್ಷೆ ಮಾಡುವವರು ಯಾವ ಪಾಠಶಾಲೆಯ ಮೆಟ್ಟಿಲನ್ನೂ ಹತ್ತದೆ ಅನುಭಾವದ ಎತ್ತರವನ್ನು ಮುಟ್ಟಿದರು. ತಾನೇ ತನಗೆ ಪಾಠ ಹಾಕಿಕೊಂಡು, ತಾನೇ ಕಲಿತು, ಆ ಕಲಿಕೆಯಲ್ಲಿ ಸುಖಿಸುವುದು ಶರಣ ಪರಂಪರೆಗೆ ಹೊಸದೇನೂ ಅಲ್ಲ. ಆದರೆ ಹೀಗೆ ತಾನೇ ಹಾಕಿಕೊಂಡ ಪಾಠದಲ್ಲಿಯೂ ಒಂದು ಮುಳ್ಳು ಅಡಗಿರುತ್ತದೆ. ಆ ಮುಳ್ಳನ್ನು ಕಂಡು, ಅದನ್ನು ಕಿತ್ತು, ಮತ್ತೆ ನಡೆದ ಓರ್ವ ತಾಯಿಯ ವೃತ್ತಾಂತ ಇಲ್ಲಿದೆ.

ಇಳಕಲ್ಲಿನ ಆ ತಾಯಿ ಮೂವತ್ತಾರು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಬೋಧಿಸಿದವರು. ಸಹಸ್ರಾರು ಮಕ್ಕಳಿಗೆ ವಚನಗಳನ್ನು ಕಂಠಪಾಠ ಮಾಡಿಸಿದವರು. ಸಂದರ್ಭ ಸಹಿತ ವಿವರಿಸಿರಿ ಎಂಬ ಪ್ರಶ್ನೆಗೆ ಎಷ್ಟು ಅಂಕ ಕೊಡಬೇಕೆಂಬುದನ್ನು ಕಣ್ಣುಮುಚ್ಚಿ ಹೇಳಬಲ್ಲವರು. ೨೦೨೨ರ ಮೇ ತಿಂಗಳ ಕೊನೆಯ ದಿನ ಸೇವೆಯಿಂದ ನಿವೃತ್ತರಾದಾಗ ಸಹೋದ್ಯೋಗಿಗಳು ಶಾಲು ಹೊದಿಸಿ, ಫಲಪುಷ್ಪ ಕೊಟ್ಟು, ಇನ್ನು ವಿಶ್ರಾಂತಿ ಪಡೆಯಿರಿ ಎಂದರು. ಅವರ ಮನಸ್ಸಿನಲ್ಲಿದ್ದುದು ಬೇರೆ. ಅಷ್ಟು ವರ್ಷ ಪಠ್ಯಪುಸ್ತಕದವರು ಆರಿಸಿಕೊಟ್ಟ ಹತ್ತಿಪ್ಪತ್ತು ವಚನಗಳನ್ನೇ ತಿರುಗಿ ತಿರುಗಿ ಕಲಿಸಿದ್ದಾಯಿತು; ಇನ್ನು ಮೇಲೆ ತಮ್ಮ ಸಂತೋಷಕ್ಕೆ ತಾವೇ ಓದಬೇಕು, ತಮಗೆ ತಾವೇ ಪಠ್ಯವನ್ನು ಗೊತ್ತುಮಾಡಿಕೊಳ್ಳಬೇಕು, ಪರೀಕ್ಷೆಯಿಲ್ಲದ ವಿದ್ಯಾರ್ಥಿಯಾಗಬೇಕು ಎಂಬುದು ಅವರ ಬಹುದಿನದ ಹಂಬಲವಾಗಿತ್ತು.

ಅವರಿಗೆ ಆದರ್ಶವಾಗಿದ್ದವರು ಡಾ. ಫ.ಗು. ಹಳಕಟ್ಟಿಯವರು. ೧೮೮೦ರ ಜುಲೈ ೨ರಂದು ಧಾರವಾಡದಲ್ಲಿ ಜನಿಸಿ, ವಿಜಯಪುರದಲ್ಲಿ ವಕೀಲರಾಗಿ ನೆಲೆನಿಂತ ಹಳಕಟ್ಟಿಯವರಿಗೆ ವಚನಗಳನ್ನು ಅಭ್ಯಸಿಸಿರೆಂದು ಯಾವ ವಿಶ್ವವಿದ್ಯಾಲಯವೂ ಹೇಳಿರಲಿಲ್ಲ. ಮನೆಮನೆಗಳಲ್ಲಿ, ಮಠಗಳಲ್ಲಿ ಪೂಜೆಗೊಳ್ಳುತ್ತ, ಕೆಲವೆಡೆ ಧೂಳು ತಿನ್ನುತ್ತ ಇದ್ದ ತಾಳೆಗರಿಯ ಕಟ್ಟುಗಳನ್ನು ಅವರು ಹುಡುಕಿದರು, ಓದಲು ಕಲಿತರು, ಪ್ರತಿ ಮಾಡಿದರು, ಪಾಠಗಳನ್ನು ಹೋಲಿಸಿದರು. ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂದಿತು. ಮುಂದೆ ಅವರು ತಮ್ಮದೇ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆಯನ್ನು ಪ್ರಾರಂಭಿಸಿದರು. ೧೯೬೪ರ ಜೂನ್ ೨೯ರಂದು ಲಿಂಗೈಕ್ಯರಾಗುವವರೆಗೆ ಆ ಕೆಲಸವನ್ನು ಬಿಡಲಿಲ್ಲ. ವಕೀಲರೊಬ್ಬರು ತಮ್ಮ ಇಷ್ಟದಿಂದ ಕೈಗೆತ್ತಿಕೊಂಡ ಅಭ್ಯಾಸವು ಒಂದು ನಾಡಿನ ಕಣ್ಣು ತೆರೆಸಿತು. ಆ ತಾಯಿಗೆ ಇದು ಚೆನ್ನಾಗಿ ತಿಳಿದಿತ್ತು. ಅಷ್ಟು ದೊಡ್ಡ ಕಾರ್ಯ ತಮ್ಮಿಂದಾಗದಿದ್ದರೂ, ಅವರು ಉಳಿಸಿಕೊಟ್ಟದ್ದನ್ನು ಒಮ್ಮೆಯಾದರೂ ಪೂರ್ತಿ ಓದಬಾರದೇ ಎಂದು ಅವರಿಗೆ ಅನಿಸಿತು.

ಕರ್ನಾಟಕ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ೧೯೯೩ರಲ್ಲಿ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳು ಹದಿನೈದು. ಡಾ. ಎಂ.ಎಂ. ಕಲಬುರ್ಗಿಯವರು ಅದರ ಪ್ರಧಾನ ಸಂಪಾದಕರು. ಮೊದಲ ಸಂಪುಟ ಬಸವಣ್ಣನವರದು, ಎರಡನೆಯದು ಅಲ್ಲಮಪ್ರಭುಗಳದು, ಮೂರನೆಯದು ಚೆನ್ನಬಸವಣ್ಣನವರದು, ನಾಲ್ಕನೆಯದು ಸಿದ್ಧರಾಮೇಶ್ವರರದು, ಐದನೆಯದು ಶಿವಶರಣೆಯರದು. ಅನಂತರ ಬರುವವು ಸಂಕೀರ್ಣ ವಚನ ಸಂಪುಟಗಳು. ಕೊನೆಯದು ಪಾರಿಭಾಷಿಕ ಪದಕೋಶ. ಒಟ್ಟು ವಚನಗಳು ಇಪ್ಪತ್ತು ಸಾವಿರಕ್ಕೂ ಮಿಕ್ಕಿವೆ. ಆ ತಾಯಿ ಹಳೆಯ ಶಿಕ್ಷಕಿಯ ಅಭ್ಯಾಸದಂತೆ ಲೆಕ್ಕ ಹಾಕಿದರು. ದಿನಕ್ಕೆ ೨೦ ವಚನ, ವರ್ಷಕ್ಕೆ ೩೬೫ ದಿನದಂತೆ ಮೂರು ವರ್ಷಕ್ಕೆ ೧೦೯೫ ದಿನ, ಒಟ್ಟು ೨೧,೯೦೦. ಮೂರು ವರ್ಷದಲ್ಲಿ ವಚನಸಾಗರವನ್ನು ದಾಟಿಬಿಡಬಹುದು! ದೊಡ್ಡ ಹಾಳೆಯ ಮೇಲೆ ಕೆಂಪು, ಹಸಿರು ಮಸಿಯಿಂದ ಚೌಕಗಳನ್ನು ಬರೆದು, ತಿಂಗಳು ವಾರಗಳನ್ನು ಗುರುತಿಸಿ, ಅದನ್ನು ಕಪಾಟಿನ ಬಾಗಿಲಿಗೆ ಅಂಟಿಸಿದರು. ಪ್ರತಿದಿನ ಸಂಜೆ ಆರರಿಂದ ಎಂಟರವರೆಗೆ ಕೋಣೆಯ ಬಾಗಿಲು ಮುಚ್ಚಿ ಓದುವುದೆಂದು ನಿಯಮವಾಯಿತು.

ಮೊದಲ ತಿಂಗಳು ಹಬ್ಬದಂತೆ ಕಳೆಯಿತು. ತಾವು ಕಲಿಸಿದ ವಚನಗಳ ಅಕ್ಕಪಕ್ಕದಲ್ಲಿಯೇ ಅವುಗಳಿಗಿಂತ ಸೊಗಸಾದ ವಚನಗಳಿದ್ದುದನ್ನು ಕಂಡು ಬೆರಗಾದರು. ಎರಡನೆಯ ತಿಂಗಳಲ್ಲಿ ಬೆರಗು ತಗ್ಗಿ ಲೆಕ್ಕ ಮುಂದಾಯಿತು. ನೆಂಟರು ಬಂದ ದಿನ ಇಪ್ಪತ್ತು ವಚನ ಬಾಕಿ ಉಳಿದರೆ ಮರುದಿನ ನಲವತ್ತು. ಜಾತ್ರೆಗೆ ಹೋದರೆ ಅರವತ್ತು. ಅಲ್ಲಮಪ್ರಭುಗಳ ಬೆಡಗಿನ ವಚನಗಳಿಗೆ ಬಂದಾಗ ಒಂದೊಂದರ ಮುಂದೆ ಒಂದು ದಿನ ಕುಳಿತರೂ ಬಾಗಿಲು ತೆರೆಯದ ಅನುಭವ. ಚೌಕ ತುಂಬಬೇಕಲ್ಲ! ಅರ್ಥವಾಗದ್ದನ್ನು ಆಮೇಲೆ ನೋಡೋಣವೆಂದು ಗುರುತು ಹಾಕಿ ಮುಂದೆ ನಡೆದರು. ಪರೀಕ್ಷೆಯನ್ನು ಬಿಟ್ಟು ಬಂದವರು ತಮಗೆ ತಾವೇ ಪರೀಕ್ಷೆಯಿಟ್ಟುಕೊಂಡರು. ಪರೀಕ್ಷಕರೂ ಅವರೇ, ಅನುತ್ತೀರ್ಣರಾಗುವ ಭಯದಲ್ಲಿ ನಡುಗುವ ವಿದ್ಯಾರ್ಥಿಯೂ ಅವರೇ.

ಮನೆಯಲ್ಲಿ ಅವರ ಯಜಮಾನರಿದ್ದರು. ಹದಿನಾಲ್ಕನೆಯ ವಯಸ್ಸಿಗೆ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತವರು ಅರವತ್ತು ದಾಟುವವರೆಗೆ ಇಳಕಲ್ ಸೀರೆ ನೇಯ್ದರು. ಅವರು ಓದಿದ್ದು ನಾಲ್ಕನೆಯ ಇಯತ್ತೆ. ೨೦೨೧ರಲ್ಲಿ ಅವರ ಕಣ್ಣಿಗೆ ಕಾಚಬಿಂದು ಎಂದು ವೈದ್ಯರು ಗುರುತಿಸಿದ್ದರು. ಕಣ್ಣಿನೊಳಗಿನ ಒತ್ತಡದಿಂದ ದೃಷ್ಟಿಯ ನರ ಸದ್ದಿಲ್ಲದೆ ಸವೆಯುವ ವ್ಯಾಧಿಯದು. ನೋವಿಲ್ಲ, ಕೆಂಪಿಲ್ಲ, ನೋಟದ ಅಂಚುಗಳು ಮೆಲ್ಲಮೆಲ್ಲನೆ ಮಾಸುತ್ತ ಬರುತ್ತವೆ. ಹೋದ ದೃಷ್ಟಿ ಮರಳುವುದಿಲ್ಲ. ಉಳಿದುದನ್ನು ಕಾಯ್ದುಕೊಳ್ಳಲು ಹನಿ ಔಷಧವನ್ನು ತಪ್ಪದೆ ಹಾಕಬೇಕು. ಮುಂಜಾನೆಯೊಮ್ಮೆ, ಸಂಜೆಯೊಮ್ಮೆ ಆ ಹನಿ ಹಾಕುವುದು ಮಡದಿಯ ಕೆಲಸವಾಗಿತ್ತು. ಅವರಿಗೆ ತಮ್ಮ ಕೈಯಿಂದ ಹಾಕಿಕೊಂಡರೆ ಹನಿ ಕೆನ್ನೆಯ ಮೇಲೆ ಬೀಳುತ್ತಿತ್ತು. ಸಂಜೆಯ ಹನಿಯ ಹೊತ್ತು ಏಳು ಗಂಟೆ.

ಏಳು ಗಂಟೆಗೆ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು. ಯಜಮಾನರು ಮೊದಮೊದಲು ಬಾಗಿಲು ತಟ್ಟಿದರು. "ಇನ್ನ ನಾಕ ವಚನ ಅದಾವ್ರೀ, ಮುಗಿಸಿ ಬರ್ತೀನಿ" ಎಂಬ ಉತ್ತರ ಒಳಗಿನಿಂದ ಬರುತ್ತಿತ್ತು. ನಾಲ್ಕು ಎಂಟಾಗಿ, ಊಟದ ಹೊತ್ತಾಗಿ, ಹನಿಯ ನೆನಪು ಜಾರುತ್ತಿತ್ತು. ಶರಣರ ಮಾತು ಓದುವವಳಿಗೆ ತೊಂದರೆ ಕೊಡಬಾರದೆಂದು ಕ್ರಮೇಣ ಅವರು ತಟ್ಟುವುದನ್ನೇ ಬಿಟ್ಟರು. ವೃತ್ತಪತ್ರಿಕೆಯನ್ನು ಓದಿ ಹೇಳೆಂದು ಕೇಳುವುದನ್ನೂ ಬಿಟ್ಟರು. ಕಟ್ಟೆಯ ಮೇಲೆ ಕುಳಿತು, ಓಣಿಯಲ್ಲಿ ಇನ್ನೂ ಉಳಿದ ಮಗ್ಗಗಳ ಸಪ್ಪಳವನ್ನು ಆಲಿಸುತ್ತ ಸಂಜೆ ಕಳೆಯುತ್ತಿದ್ದರು.

ನವೆಂಬರಿನಲ್ಲಿ ತಪಾಸಣೆಗೆ ಹೋದಾಗ ಕಣ್ಣಿನ ಒತ್ತಡ ಏರಿತ್ತು. ಎಡಗಣ್ಣಿನ ನೋಟ ಹಿಂದಿನ ಪರೀಕ್ಷೆಗಿಂತ ಕುಗ್ಗಿತ್ತು. ಹನಿ ತಪ್ಪಿಸಿದಿರಾ ಎಂದು ವೈದ್ಯರು ಕೇಳಿದರು. ಯಜಮಾನರು ಒಂದೆರಡು ದಿನ ತಪ್ಪಿರಬಹುದು, ತನ್ನದೇ ಮರೆವು ಎಂದರು. ಆ ಸುಳ್ಳು ಮಡದಿಯ ಎದೆಗೆ ನಾಟಿತು. ಬಸ್ಸಿನಲ್ಲಿ ಮರಳುವಾಗ ದಾರಿಯುದ್ದಕ್ಕೂ ಅವರು ಮಾತನಾಡಲಿಲ್ಲ. ಅವರ ನೆನಪಿಗೆ ಬಂದುದು ತಾವು ಮೂವತ್ತಾರು ವರ್ಷ ಮಕ್ಕಳಿಗೆ ಬೋಧಿಸಿದ ಬಸವಣ್ಣನವರ ಒಂದು ಉಪಮೆ. ಗಿಳಿಯು ಕಲಿತ ಮಾತನ್ನು ಸ್ವಚ್ಛವಾಗಿ ಒಪ್ಪಿಸುತ್ತದೆ. ಆದರೆ ತನ್ನತ್ತ ಬರುತ್ತಿರುವ ಬೆಕ್ಕನ್ನು ಹೇಳಲು ಅದಕ್ಕೆ ತಿಳಿಯದು. ಆ ಉಪಮೆಯ ಮೇಲೆ ಅವರು ಎಷ್ಟೋ ಪ್ರಶ್ನೆಪತ್ರಿಕೆಗಳನ್ನು ಬರೆದಿದ್ದರು. ಬೆಕ್ಕು ತಮ್ಮ ಮನೆಯ ಹೊಸ್ತಿಲನ್ನೇ ದಾಟಿ ಬಂದುದು ಮಾತ್ರ ಅವರಿಗೆ ಕಂಡಿರಲಿಲ್ಲ.

ಮನೆಗೆ ಬಂದವರೇ ಕಪಾಟಿನ ಬಾಗಿಲಿನ ಹಾಳೆಯನ್ನು ಕಿತ್ತು ಮಡಚಿಟ್ಟರು. ಅಲ್ಲಿಯವರೆಗೆ ಚೌಕ ತುಂಬಿದ ವಚನಗಳು ಸುಮಾರು ೩,೨೦೦. ಮೂರನೆಯ ಸಂಪುಟದ ಆರಂಭದ ಪುಟಗಳಿಗೆ ಬಂದಿದ್ದರು. ಅವುಗಳಲ್ಲಿ ನೆನಪಿನಲ್ಲಿ ಉಳಿದವು ಎಷ್ಟೆಂದು ಕೇಳಿಕೊಂಡಾಗ, ಮೊದಲೇ ಬಾಯಿಗೆ ಬರುತ್ತಿದ್ದ ಹತ್ತಿಪ್ಪತ್ತನ್ನು ಬಿಟ್ಟರೆ ಬೆರಳೆಣಿಕೆಯಷ್ಟೂ ಸಿಗಲಿಲ್ಲ. ಒಂದು ತಿಂಗಳು ಪುಸ್ತಕವನ್ನೇ ಮುಟ್ಟಲಿಲ್ಲ. ಓದುವ ಸಂತೋಷವೇ ಒಂದು ಅಪರಾಧವೆಂಬಂತೆ ಅವರಿಗೆ ತೋರುತ್ತಿತ್ತು.

ಡಿಸೆಂಬರ್ ಹುಣ್ಣಿಮೆಯ ಮಾಸಿಕ ಶಿವಾನುಭವ ಗೋಷ್ಠಿಗೆ ಯಜಮಾನರೇ ಅವರನ್ನು ಒತ್ತಾಯಿಸಿ ಕರೆದೊಯ್ದರು. ಅಂದಿನ ವಿಷಯ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಪ್ರಸಂಗ. ಶೂನ್ಯಸಂಪಾದನೆಯಲ್ಲಿ ಬರುವ ಆ ಪ್ರಸಂಗವನ್ನು ಅರಿಯದ ಶರಣರಿಲ್ಲ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ದಂಪತಿಗಳ ಕಾಯಕ, ಮಹಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಮಾರಯ್ಯ ಅಲ್ಲಮಪ್ರಭುಗಳ ಸನ್ನಿಧಿಯಲ್ಲಿ ಅನುಭಾವದ ಮಾತುಗಳನ್ನು ಕೇಳುತ್ತ ಮೈಮರೆಯುತ್ತಾನೆ. ಲಕ್ಕಮ್ಮ ಬಂದು ಕಾಯಕ ನಿಂತಿದೆಯೆಂದು ಎಚ್ಚರಿಸುತ್ತಾಳೆ. ಅವನು ಅವಸರದಿಂದ ಹೋಗಿ ದಿನಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇದು ನಮ್ಮಿಬ್ಬರ ಮನಸ್ಸಿನ ಅಳತೆಯನ್ನು ಮೀರಿದ್ದು, ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಕಳುಹುತ್ತಾಳೆ.

ಪ್ರವಚನಕಾರರು ಲಕ್ಕಮ್ಮನ ನಿರ್ಲೋಭವನ್ನು ಕುರಿತು ಮಾತನಾಡಿದರು. ಅದು ಎಲ್ಲರೂ ಹೇಳುವ ಅರ್ಥ. ಆ ಶಿಕ್ಷಕಿಯ ಮನಸ್ಸು ಮಾತ್ರ ಪ್ರಸಂಗದ ಎರಡೂ ತುದಿಗಳನ್ನು ಒಟ್ಟಿಗೆ ಹಿಡಿದು ನೋಡಿತು. ಲಕ್ಕಮ್ಮ ಒಂದೇ ದಿನ ಎರಡು ತಪ್ಪುಗಳನ್ನು ತಿದ್ದುತ್ತಾಳೆ. ಮೊದಲನೆಯದು ಅನುಭಾವದ ಸವಿಯಲ್ಲಿ ಕಾಯಕವನ್ನು ಮರೆತದ್ದು. ಎರಡನೆಯದು ಆ ಮರೆವಿನ ನಷ್ಟವನ್ನು ತುಂಬಲು ಹೆಚ್ಚು ಆಯ್ದದ್ದು. ತಪ್ಪಿದ ದಿನದ ಬಾಕಿಯನ್ನು ಮರುದಿನ ನಲವತ್ತು ವಚನ ಓದಿ ತೀರಿಸಲು ಹೊರಟವರು ತಾವೇ ಅಲ್ಲವೇ! ಹೆಚ್ಚಿನ ಅಕ್ಕಿ ಅಡುಗೆಯಾಗದೆ ಹೇಗೆ ಹುಳು ಹಿಡಿಯುವುದೋ, ಹಾಗೆಯೇ ಅರಗದ ಓದು ಮನಸ್ಸಿನಲ್ಲಿ ಕೊಳೆಯುತ್ತದೆ. ಇನ್ನೂ ಒಂದು ಸಂಗತಿ ಅವರಿಗೆ ಹೊಳೆಯಿತು. ಲಕ್ಕಮ್ಮ ಮಾರಯ್ಯನಿಗೆ ಅನುಭಾವ ಬೇಡವೆಂದು ಎಲ್ಲಿಯೂ ಹೇಳುವುದಿಲ್ಲ; ಆಯುವುದನ್ನೇ ಬಿಡೆಂದೂ ಹೇಳುವುದಿಲ್ಲ. ಅಂದಂದಿನ ಅಕ್ಕಿಯನ್ನು ಅಂದಂದಿಗೆ ಆಯ್ದು ತಾ ಎಂಬಷ್ಟೇ ಅವಳ ವಿಧಿ. ಓದನ್ನು ತ್ಯಜಿಸಿ ಪ್ರಾಯಶ್ಚಿತ್ತ ಮಾಡಿಕೊಳ್ಳುವ ಅಗತ್ಯವಿಲ್ಲ, ಅಳತೆಯನ್ನು ತಿದ್ದಿಕೊಂಡರೆ ಸಾಕು ಎಂಬ ಸಮಾಧಾನ ಅಂದು ಅವರಿಗೆ ದೊರೆಯಿತು.

೨೦೨೩ರ ಜನವರಿ ಒಂದರಿಂದ ಎರಡನೆಯ ಪಾಠಕ್ರಮ ಆರಂಭವಾಯಿತು. ಅದನ್ನು ರೂಪಿಸಿದ ರೀತಿ ಕಲಿಯಬೇಕೆಂಬ ಇಚ್ಛೆಯುಳ್ಳ ಎಲ್ಲ ಶರಣರಿಗೂ ಉಪಯುಕ್ತವಾದೀತು.

ಮೊದಲನೆಯದು ಅಳತೆ. ದಿನಕ್ಕೆ ಒಂದೇ ವಚನ. ಆ ಲೆಕ್ಕದಲ್ಲಿ ಇಪ್ಪತ್ತು ಸಾವಿರ ವಚನಗಳಿಗೆ ಐವತ್ತನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಬೇಕು. ಅರವತ್ತರ ವಯಸ್ಸಿನ ಅವರು ಈ ಲೆಕ್ಕವನ್ನು ಕಂಡು ಮನಸಾರೆ ನಕ್ಕರು. ಮುಗಿಸುವ ಆಸೆ ಹೀಗೆ ತಾನಾಗಿ ಬಿದ್ದುಹೋಯಿತು. ಅದರೊಡನೆ ಅವಸರವೂ ಹೋಯಿತು. ತಪ್ಪಿದ ದಿನ ತಪ್ಪಿತು, ಅದರ ಬಾಕಿಯನ್ನು ಮರುದಿನಕ್ಕೆ ಹೇರಕೂಡದು.

ಎರಡನೆಯದು ಹೊತ್ತು ಮತ್ತು ಸ್ಥಳ. ಓದು ಮುಚ್ಚಿದ ಕೋಣೆಯಿಂದ ಪಡಸಾಲೆಗೆ ಬಂದಿತು. ಸಂಜೆ ಏಳಕ್ಕೆ ಮೊದಲು ಯಜಮಾನರ ಕಣ್ಣಿಗೆ ಹನಿ. ಹನಿ ಹಾಕಿದ ಮೇಲೆ ಅವರು ಕಣ್ಣುಮುಚ್ಚಿ ಕೂರಬೇಕಾದ ಕೆಲವು ನಿಮಿಷಗಳೇ ವಚನವನ್ನು ಗಟ್ಟಿಯಾಗಿ ಓದುವ ಸಮಯ. ಹನಿಯಿಲ್ಲದೆ ವಚನವಿಲ್ಲ. ಒಂದನ್ನು ಇನ್ನೊಂದಕ್ಕೆ ಗಂಟುಹಾಕಿದ ಮೇಲೆ ಎರಡೂ ತಪ್ಪಲಿಲ್ಲ. ಇಳಕಲ್ ಸೀರೆಯ ಸೆರಗಿನ ಹಾಸು ಬೇರೆ, ಒಡಲಿನ ಹಾಸು ಬೇರೆ ಸಿದ್ಧವಾಗುತ್ತವೆ. ಎಳೆಗೆ ಎಳೆ ಕೊಂಡಿ ಹಾಕಿ ಅವುಗಳನ್ನು ಕೂಡಿಸಿದಾಗಲೇ ಅದು ಇಳಕಲ್ ಸೀರೆಯಾಗುವುದು. ಆ ಮನೆಯಲ್ಲಿ ಕಾಯಕಕ್ಕೂ ಓದಿಗೂ ಬಿದ್ದ ಕೊಂಡಿ ಅಂಥದು.

ಮೂರನೆಯದು ಊಹೆ. ಕಠಿಣ ಪದ ಬಂದ ಕೂಡಲೇ ಪದಕೋಶವನ್ನು ತೆರೆಯದೆ, ಅದರ ಅರ್ಥ ಏನಿರಬಹುದೆಂದು ಮೊದಲು ಊಹಿಸಿ ಬರೆಯುವುದು. ಆಮೇಲೆ ಹದಿನೈದನೆಯ ಸಂಪುಟವನ್ನು ನೋಡುವುದು. ಊಹೆ ತಪ್ಪಾದ ಪದವೇ ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆಂಬುದನ್ನು ಅವರು ತರಗತಿಯಲ್ಲಿ ಮಕ್ಕಳಲ್ಲಿ ಕಂಡಿದ್ದರು, ಈಗ ತಮ್ಮಲ್ಲಿ ಕಂಡರು.

ನಾಲ್ಕನೆಯದು ಮರಳುವಿಕೆ. ಇಂದಿನ ವಚನವನ್ನು ನಾಳೆ ಪುಸ್ತಕ ನೋಡದೆ ಒಮ್ಮೆ, ವಾರದ ಮೇಲೆ ಒಮ್ಮೆ, ತಿಂಗಳ ಮೇಲೆ ಒಮ್ಮೆ ನೆನಪಿಸಿಕೊಳ್ಳುವುದು. ಸೋಮವಾರ ಹೊಸ ವಚನವಿಲ್ಲ. ಅಂದು ಹಳೆಯವುಗಳದೇ ಪಾರಾಯಣ.

ಐದನೆಯದು ಬರಹ. ಒಂದು ಉದ್ದ ಪುಸ್ತಕದಲ್ಲಿ ದಿನಕ್ಕೆ ಒಂದು ಪುಟ: ವಚನಕಾರರ ಹೆಸರು, ಅವರ ಕಾಯಕ, ಅಂಕಿತ, ಊಹಿಸಿದ ಅರ್ಥ, ತಿಳಿದ ಅರ್ಥ. ಪುಟದ ಕೆಳಗೆ ಒಂದು ಅಂಕಣ ಖಾಲಿ. ಆ ವಚನ ಅಂದು ಬದುಕಿನಲ್ಲಿ ಎಲ್ಲಿಯಾದರೂ ಎದುರಾದರೆ ಅದನ್ನು ಬರೆಯಲಿಕ್ಕೆ. ಎದುರಾಗದಿದ್ದರೆ ಖಾಲಿಯೇ ಇರಲಿ.

ಅಳತೆ ಸಣ್ಣದಾದೊಡನೆ ಸಂತೋಷ ದೊಡ್ಡದಾಯಿತು. ಆದರೆ ಆ ಪಾಠಕ್ರಮದ ನಿಜವಾದ ತಿರುವು ಮಾರ್ಚ್ ತಿಂಗಳ ಒಂದು ಸಂಜೆ ಬಂದಿತು. ಅಂದಿನ ಪಾಠಕ್ಕೆ ಆರಿಸಿಕೊಂಡದ್ದು ಮುದನೂರಿನ ಜೇಡರ ದಾಸಿಮಯ್ಯನವರ, ರಾಮನಾಥ ಅಂಕಿತದ ಒಂದು ವಚನ. ಮಗ್ಗದ ಸಲಕರಣೆಗಳನ್ನು ಒಂದೊಂದಾಗಿ ಹೆಸರಿಸುತ್ತ ಹೋಗಿ, ಕೊನೆಗೆ ಈ ನೇಯ್ಗೆ ಯಾರದೆಂದು ದೇವನನ್ನೇ ಕೇಳುವ ವಚನವದು. ಉಂಕಿ, ಕಂಡಿಕೆ ಮೊದಲಾದ ಪದಗಳ ಮುಂದೆ ಶಿಕ್ಷಕಿ ನಿಂತರು. ಊಹೆಯ ಅಂಕಣದಲ್ಲಿ ಏನೋ ಬರೆದರು. ಪದಕೋಶಕ್ಕೆ ಕೈಚಾಚುವಷ್ಟರಲ್ಲಿ ಕಣ್ಣುಮುಚ್ಚಿ ಕುಳಿತಿದ್ದ ಯಜಮಾನರು ನಕ್ಕರು.

"ಉಂಕಿ ಅಂದ್ರ ಪುಸ್ತಕದಾಗ ಹುಡುಕ್ತೀಯೇನ? ನಲವತ್ತು ವರ್ಷ ನಿನ್ನ ಮನ್ಯಾಗ ಇತ್ತಲ್ಲ!"

ಅವರು ಕೈಗಳನ್ನು ಗಾಳಿಯಲ್ಲಿ ಚಾಚಿ ತೋರಿಸಿದರು. ಹಾಸಿನ ಎಳೆಗಳನ್ನು ಬಿಗಿದು ಹೊಂದಿಸಿ ಮಗ್ಗಕ್ಕೆ ಸಿದ್ಧಪಡಿಸುವ ಬಗೆ, ಒಂದು ಎಳೆ ಸಡಿಲಾದರೂ ಇಡೀ ಸೀರೆ ಕೆಡುವ ಬಗೆ; ಹೊಕ್ಕಿನ ನೂಲನ್ನು ಸುತ್ತಿದ ಕಂಡಿಕೆ, ಅದನ್ನು ಲಾಳಿಯೊಳಗಿನ ಮುಳ್ಳಿಗೆ ಸಿಕ್ಕಿಸುವ ಬಗೆ. ಲಾಳಿ ಅತ್ತಿಂದಿತ್ತ ಓಡಿದಂತೆಲ್ಲ ಕಂಡಿಕೆಯ ನೂಲು ಕರಗುತ್ತದೆ. ದಪ್ಪಗಿದ್ದುದು ತೆಳ್ಳಗಾಗಿ, ಕೊನೆಗೆ ನೂಲೆಲ್ಲ ಬಟ್ಟೆಯಾಗಿ ಮುಳ್ಳೊಂದು ಉಳಿಯುತ್ತದೆ. ಮುಳ್ಳೇ ಕಂಡಿಕೆಯನ್ನು ತಿಂದಂತೆ ನೇಕಾರನ ಕಣ್ಣಿಗೆ ಕಾಣುತ್ತದೆ. "ನೂಲು ಹೋಗಿಲ್ಲ ನೋಡು, ಸೀರಿ ಆಗೇತಿ. ಆದ್ರ ಕಂಡಕಿ ಹುಡುಕಿದ್ರ ಕಂಡಕಿ ಇಲ್ಲ" ಎಂದರು. ಸ್ವಲ್ಪ ತಡೆದು, ತಮ್ಮ ಕಣ್ಣಿನ ಕಡೆಗೆ ಬೆರಳು ತೋರಿ, "ಇದೂ ಹಂಗ. ನಲವತ್ತಾರು ವರ್ಷ ಎಳಿ ಎಣಿಸೇತಿ. ಎಲ್ಲಿ ಹೋತು ಅಂದ್ರ, ಸೀರ್ಯಾಗ ಹೋಗೇತಿ" ಎಂದರು.

ಶಿಕ್ಷಕಿಯ ಕೈಯಲ್ಲಿ ಲೇಖನಿ ನಿಂತಿತು. ವ್ಯಾಖ್ಯಾನಗಳಲ್ಲಿ ಕಂಡಿಕೆಯನ್ನು ಜೀವಭಾವವೆಂದು, ನೇಯ್ಗೆಯನ್ನು ಸಾಧನೆಯೆಂದು ತಾತ್ತ್ವಿಕವಾಗಿ ವಿವರಿಸಬಹುದು. ಆ ವಿವರಣೆ ತಪ್ಪಲ್ಲ. ಆದರೆ ಆ ವಚನ ಹುಟ್ಟಿದ್ದು ಲಾಳಿಯನ್ನು ಹಿಡಿದ ಕೈಯಿಂದ. ಅದರ ಅರ್ಧ ಅರ್ಥ ಇಂದಿಗೂ ಲಾಳಿ ಹಿಡಿದವರ ಕೈಯಲ್ಲಿಯೇ ಇದೆ. ಮೂವತ್ತಾರು ವರ್ಷ ಕನ್ನಡ ಕಲಿಸಿದವರು ತಮ್ಮ ಮನೆಯಲ್ಲಿಯೇ ಇದ್ದ ಈ ಪದಕೋಶವನ್ನು ಒಮ್ಮೆಯೂ ತೆರೆದಿರಲಿಲ್ಲ. ನಾಲ್ಕನೆಯ ಇಯತ್ತೆ ಓದಿದವರೆಂದು ಸಭೆಗಳಲ್ಲಿ ಅವರ ಬಗ್ಗೆ ಹೇಳಿಕೊಳ್ಳಲು ಒಳಗೊಳಗೆ ಸಂಕೋಚವನ್ನೂ ಪಟ್ಟಿದ್ದರು. ಮನೆಗೆ ಅನ್ನವಿಕ್ಕಿದ ಆ ಕಾಯಕವನ್ನು ಬಡತನದ ಗುರುತೆಂದು ಬಗೆದಿದ್ದರು. ಆ ದಿನದ ಪುಟದ ಕೆಳಗಿನ ಖಾಲಿ ಅಂಕಣದಲ್ಲಿ ಅವರು ಯಜಮಾನರ ಮಾತನ್ನು ಅವರದೇ ಆಡುನುಡಿಯಲ್ಲಿ, ಒಂದಕ್ಷರವನ್ನೂ ತಿದ್ದದೆ ಬರೆದಿಟ್ಟರು.

ಅಂದಿನಿಂದ ಪಾಠಕ್ರಮಕ್ಕೆ ಒಂದು ಪ್ರಶ್ನೆ ದೊರೆಯಿತು. ಸಂಪುಟದ ಕ್ರಮಸಂಖ್ಯೆಯನ್ನು ಅನುಸರಿಸುವುದನ್ನು ಬಿಟ್ಟು, ಶರಣರ ಕಾಯಕವು ಅವರ ಮಾತಿನೊಳಗೆ ಹೇಗೆ ಬಂದಿದೆ ಎಂಬುದನ್ನೇ ಹಿಡಿದು ನಡೆದರು. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಕಟ್ಟಿಗೆಯ ಹೊರೆ ಹೊತ್ತ ಮೋಳಿಗೆ ಮಾರಯ್ಯ, ಹರಿಗೋಲನ್ನು ನಡೆಸುವ ಅಂಬಿಗರ ಚೌಡಯ್ಯ, ಪಾದರಕ್ಷೆ ಮಾಡುವ ಮಾದಾರ ಧೂಳಯ್ಯ ಒಬ್ಬೊಬ್ಬರಾಗಿ ಪಡಸಾಲೆಗೆ ಬಂದರು. ಗೊತ್ತಿಲ್ಲದ ಪದ ಬಂದರೆ ಶಿಕ್ಷಕಿ ಪದಕೋಶವನ್ನೂ ನೋಡುವರು, ಆ ಕಸುಬಿನವರನ್ನೂ ಕೇಳುವರು. ಓಣಿಯ ಹಗ್ಗದವರಲ್ಲಿಗೆ ಹೋಗಿ ಹುರಿ ಹೊಸೆಯುವುದನ್ನು ಒಂದು ಮಧ್ಯಾಹ್ನವೆಲ್ಲ ನಿಂತು ನೋಡಿ ಬಂದರು. ಕಲಿಯುವವರಿಗೆ ತಮ್ಮದೇ ಆದ ಒಂದು ಪ್ರಶ್ನೆ ದೊರೆತರೆ ಪಠ್ಯಕ್ರಮವನ್ನು ಅದೇ ಹೆಣೆಯುತ್ತದೆ. ಯಾವ ಪುಟವನ್ನು ಬಿಡಬೇಕು, ಯಾವುದರ ಮುಂದೆ ನಿಲ್ಲಬೇಕು ಎಂಬುದನ್ನೂ ಅದೇ ತಿಳಿಸುತ್ತದೆ.

ಹಳಕಟ್ಟಿಯವರ ಜೀವನವನ್ನು ಅವರು ಮತ್ತೊಮ್ಮೆ ಓದಿದ್ದು ಆಗಲೇ. ಮೊದಲು ಓದಿದಾಗ ಅವರ ಕಣ್ಣಿಗೆ ಕಂಡದ್ದು ಆ ಮಹನೀಯರು ಸಂಗ್ರಹಿಸಿದ ಗ್ರಂಥರಾಶಿ. ಎರಡನೆಯ ಸಲ ಕಂಡದ್ದು, ಸಂಗ್ರಹಿಸಿದ್ದನ್ನು ಅವರು ತಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳಲಿಲ್ಲ ಎಂಬ ಸಂಗತಿ. ಅಚ್ಚುಮೊಳೆ, ಕಾಗದ, ಪತ್ರಿಕೆ ಇವುಗಳಿಗೆ ಗಳಿಕೆಯನ್ನೆಲ್ಲ ಸುರಿದು ಅದನ್ನು ಜನರ ಕೈಗಿತ್ತರು. ಕಾಯಕಕ್ಕೆ ದಾಸೋಹ ಹೇಗೋ, ಕಲಿಕೆಗೆ ಹಂಚಿಕೆ ಹಾಗೆ. ಹಂಚದೆ ಉಳಿದ ಅರಿವು ಲಕ್ಕಮ್ಮ ಮರಳಿ ಸುರಿಸಿದ ಹೆಚ್ಚಿನ ಅಕ್ಕಿಯಂತೆ. ಆದಿತ್ಯವಾರದ ಸಂಜೆ ಓಣಿಯ ನಾಲ್ಕಾರು ಮಕ್ಕಳು ಪಡಸಾಲೆಗೆ ಬರತೊಡಗಿದರು. ಶಿಕ್ಷಕಿ ವಚನವನ್ನು ಓದುವರು. ಯಜಮಾನರು ಹಳೆಯ ಲಾಳಿಯನ್ನೋ ಹಣಿಗೆಯನ್ನೋ ಮಕ್ಕಳ ಕೈಗಿಟ್ಟು ಅದರ ಹೆಸರು ಹೇಳುವರು. ಅಂಕಗಳಿಲ್ಲ, ಪ್ರಶ್ನೆಪತ್ರಿಕೆಯಿಲ್ಲ. ಮಕ್ಕಳಿಗೆ ಹೇಳಲು ಬಾರದ ವಚನ ತಮಗೂ ತಿಳಿದಿಲ್ಲವೆಂಬುದೇ ಶಿಕ್ಷಕಿಗೆ ಪರೀಕ್ಷೆ.

೨೦೨೫ರ ಮೇ ೩೧ ಬಂದಿತು. ಮೊದಲ ಹಾಳೆಯ ಪ್ರಕಾರ ಅಂದು ೨೧,೯೦೦ ಚೌಕಗಳೂ ತುಂಬಬೇಕಿತ್ತು. ಮಡಚಿಟ್ಟ ಆ ಹಾಳೆಯನ್ನು ಅವರು ತೆಗೆದು ನೋಡಿದರು. ಉದ್ದ ಪುಸ್ತಕಗಳ ಪುಟಗಳನ್ನು ಎಣಿಸಿದಾಗ ೬೯೧ ಇದ್ದವು. ಖಾಲಿ ಅಂಕಣ ತುಂಬಿದವು ಅವುಗಳಲ್ಲಿ ನೂರಕ್ಕಿಂತ ಕಡಿಮೆ. ಅವರಿಗೆ ಹೆಮ್ಮೆಯೂ ಆಗಲಿಲ್ಲ, ಖೇದವೂ ಆಗಲಿಲ್ಲ. ಯಜಮಾನರ ಕಣ್ಣಿನ ಒತ್ತಡ ಹತೋಟಿಗೆ ಬಂದಿದೆ. ಬಲಗಣ್ಣು ಬಹುಮಟ್ಟಿಗೆ ಉಳಿದಿದೆ. ಎಡಗಣ್ಣಿನಿಂದ ಹೋದುದು ಹೋಯಿತು. ಆ ನಷ್ಟಕ್ಕೆ ೬೯೧ ವಚನಗಳು ಸಾಟಿಯಲ್ಲವೆಂಬುದನ್ನು ಅವರು ಬಲ್ಲರು. ಸಾಟಿಯೆಂದು ಮನಸ್ಸನ್ನು ಸಂತೈಸಿಕೊಳ್ಳಲೂ ಇಲ್ಲ. ಹನಿಯ ಸೀಸೆಯನ್ನು ಮಾತ್ರ ವಚನಪುಸ್ತಕದ ಪಕ್ಕದಲ್ಲಿಯೇ ಇಡುತ್ತಾರೆ.

ಸ್ವಂತ ಸಂತೋಷಕ್ಕಾಗಿ ಕಲಿಯಹೊರಟ ಶರಣರು ಈ ವೃತ್ತಾಂತದಿಂದ ತಿಳಿಯಬೇಕಾದುದು ಇಷ್ಟೇ. ಕಲಿಕೆಯ ಯೋಜನೆಯನ್ನು ಹಾಕಿಕೊಳ್ಳುವುದು ತಪ್ಪಲ್ಲ, ಅದು ಅರಿವಿಗೆ ಕೊಡುವ ಗೌರವ. ಆದರೆ ಯೋಜನೆಯ ಮೊದಲ ಸಾಲಿನಲ್ಲಿ ತನ್ನನ್ನು ನೆಚ್ಚಿದವರ ಹೊತ್ತನ್ನು ಬರೆದು, ಆಮೇಲೆ ತನ್ನ ಹೊತ್ತನ್ನು ಬರೆಯಬೇಕು. ಅಂದಿನ ಹಸಿವಿಗೆ ಬೇಕಾದಷ್ಟನ್ನೇ ಆಯಬೇಕು. ಆಯ್ದುದನ್ನು ಬೇಯಿಸಿ, ಹಂಚಿ, ಉಣ್ಣಬೇಕು. ತಿಳಿಯದ್ದನ್ನು ಕೇಳುವಾಗ ಓದಿದವರು, ಓದದವರು ಎಂಬ ಭೇದವನ್ನು ಮಾಡಬಾರದು. ಅನುಭವ ಮಂಟಪದಲ್ಲಿ ಆ ಭೇದವಿರಲಿಲ್ಲ. ಲಕ್ಕಮ್ಮತಾಯಿಯ ಅಂಗಳದಲ್ಲಿ ನಾಳೆಯೂ ಅಕ್ಕಿ ಇರುತ್ತದೆ.